ಮರದ ಕೆಲಸಕ್ಕೆ ಹೆಲ್ಪರ್ ಹುಡುಕುದು ಎಲ್ಲಿ, ತಗೊಳ್ಳುವ ಮೊದ್ಲು ನೋಡುದು ಎಂತ

ಮಂಗ್ಳೂರು, ಉಡುಪಿ ಕಡೆ ಯಾವ ಫರ್ನಿಚರ್ ವರ್ಕ್‌ಶಾಪಿಗೆ ಹೋಗಿ ಕೇಳಿದ್ರೂ ಒಂದೇ ಪಲ್ಲವಿ, ಆರ್ಡರ್ ಉಂಟು ಮಾರಾಯ್ರೆ, ಜನ ಇಲ್ಲ. ಆಚಾರಿಗಳು ಹೇಗೂ ಸಿಗ್ತಾರೆ, ನಾಲ್ಕು ಕಾಸು ಜಾಸ್ತಿ ಕೊಟ್ರೆ ಆಚೆ ಶಾಪಿನಿಂದಾದ್ರೂ ಬರ್ತಾರೆ, ಸಿಗದೇ ಇರುದು ಪ್ಲೈವುಡ್ ಹಿಡಿಲಿಕ್ಕೆ, ಮರ ಉಜ್ಜಿ ನಯ (ಸ್ಯಾಂಡಿಂಗ್) ಮಾಡ್ಲಿಕ್ಕೆ, ಗಮ್ ಹಚ್ಲಿಕ್ಕೆ, ಗಾಡಿಗೆ ಲೋಡ್ ಮಾಡ್ಲಿಕ್ಕೆ ಒಬ್ಬ ಹೆಲ್ಪರ್. ಅವ ಇಲ್ಲ ಅಂತಾದ್ರೆ ದೊಡ್ಡ ಸಂಬಳದ ಆಚಾರಿಯೇ ಕಸ ಗುಡಿಸ್ತಾ, ಸ್ಕ್ರೂ ಹುಡುಕ್ತಾ ಅರ್ಧ ದಿನ ಕಳೀತಾನೆ, ಆ ಲೆಕ್ಕ ನಾವ್ಯಾರೂ ಕೂತು ಹಾಕುದಿಲ್ಲ.

ಇದು ಎರಡು ಮೂರು ಆಚಾರಿ ಇಟ್ಕೊಂಡು ಬಾಗಿಲು, ಕಿಟಕಿ, ವಾರ್ಡ್‌ರೋಬ್, ಕಿಚನ್ ಅಂತ ನಡೆಸುವ ಸಣ್ಣ ಶಾಪಿನವರಿಗೆ ಬರ್ದದ್ದು. ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೇನೆ, ಹೆಲ್ಪರ್ ತಗೊಳ್ಳುವಾಗ "ಅನುಭವ ಉಂಟಾ" ಅಂತ ಕೇಳುದು ದಂಡ. ಎರಡು ವರ್ಷ ಅಲ್ಲಿ ಇದ್ದೆ ಇಲ್ಲಿ ಇದ್ದೆ ಅನ್ನುವವ ಒಂದು ಶಾಪಿನಲ್ಲೂ ಯಾಕೆ ನಿಲ್ಲಲಿಲ್ಲ ಅನ್ನುದು ದೊಡ್ಡ ಪ್ರಶ್ನೆ, ಮತ್ತೆ ಅವ ಕಲ್ತು ಬಂದ ಕೆಟ್ಟ ಅಭ್ಯಾಸ ಬಿಡಿಸ್ಲಿಕ್ಕೆ ಹೊಸಬನಿಗೆ ಕಲಿಸುದಕ್ಕಿಂತ ಜಾಸ್ತಿ ದಿನ ಬೇಕು. ಹೆಲ್ಪರ್ ಅಂದ್ರೆ ಸಮಯಕ್ಕೆ ಬರ್ಬೇಕು, ಹೇಳಿದ್ದು ಕಿವಿಗೆ ಹೋಗ್ಬೇಕು, ಗೊತ್ತಾಗದಿದ್ರೆ ಕೇಳ್ಬೇಕು. ಉಳಿದದ್ದೆಲ್ಲ ಕಲಿಸ್ಲಿಕ್ಕೆ ಆಗ್ತದೆ. ಆದ್ರೆ ಇದು ಯಾವುದೂ ಕುರ್ಚಿಯಲ್ಲಿ ಕೂತ್ಕೊಂಡು ಮಾತಾಡಿದ್ರೆ ಗೊತ್ತಾಗುದಿಲ್ಲ, ಕೆಲಸ ಕೊಟ್ಟು ಪಕ್ಕದಲ್ಲಿ ನಿಂತು ನೋಡಿದ್ರೆ ಮಾತ್ರ.

ಮೊದ್ಲು ಕೆಲಸ ಎಂತದ್ದು ಅಂತ ನೀವೇ ನಿಕ್ಕಿ ಮಾಡಿ

ವರ್ಕ್‌ಶಾಪಿಗಾ ಸೈಟಿಗಾ, ಅದು ಮೊದ್ಲು. ಶಾಪ್ ಬೈಕಂಪಾಡಿಯಲ್ಲಿ, ಫಿಟ್ಟಿಂಗ್ ಮಣಿಪಾಲದ ಯಾವುದೋ ಫ್ಲ್ಯಾಟಿನ ಆರನೇ ಮಾಳಿಗೆಯಲ್ಲಿ, ಲಿಫ್ಟಿಗೆ 8 ಅಡಿ ಶೀಟ್ ಹೋಗುದಿಲ್ಲ ಅಂತಾದ್ರೆ ಮೆಟ್ಟಿಲಲ್ಲೇ ಹೊರ್ಬೇಕು. 18 ಎಂ.ಎಂ. ಪ್ಲೈ 8 ಅಡಿ 4 ಅಡಿಯ ಒಂದು ಶೀಟು 30 ಕೆಜಿ ಮೇಲೆ ಬರ್ತದೆ. ಇದನ್ನು ಮೊದ್ಲೇ ಹೇಳದೆ "ಸಣ್ಣಪುಟ್ಟ ಕೆಲಸ" ಅಂತ ಕರೆದ್ರೆ ಮೂರನೇ ದಿನ ಸೊಂಟ ನೋವು ಅಂತ ಮೆಸೇಜ್ ಬರ್ತದೆ, ಆಮೇಲೆ ಫೋನ್ ಸ್ವಿಚ್ ಆಫ್.

ಇನ್ನೊಂದು ಬಸ್ಸಿನ ವಿಷಯ. ನಮ್ಮಲ್ಲಿ ಸರ್ವಿಸ್ ಬಸ್ ಚೆನ್ನಾಗಿ ಉಂಟು, ಆದ್ರೆ ಒಂದೇ ಬಸ್ಸಿನಲ್ಲಿ ಬರುವವನಿಗೂ ಎರಡು ಬಸ್ ಬದಲಿಸಿ ಬರುವವನಿಗೂ ತುಂಬ ವ್ಯತ್ಯಾಸ. ಜೂನ್ ಮಳೆ ಹಿಡಿದ್ರೆ ಎರಡು ಬಸ್ಸಿನವ ಮೊದ್ಲು ತಡ ಮಾಡ್ತಾನೆ, ಆಮೇಲೆ ಬರುದೇ ಇಲ್ಲ. ಬೈಕ್ ಉಂಟು ಅಂದವನ ಹತ್ರ ಲೈಸೆನ್ಸ್ ಉಂಟಾ ಅಂತಲೂ ಕೇಳಿ. ಹಾಗೆ ಹುಡುಗನೇ ಆಗ್ಬೇಕು ಅಂತ ಕೂಡ ಇಲ್ಲ ಆಯ್ತಾ. ಸ್ಯಾಂಡಿಂಗ್, ಪ್ಲೈಯ ಅಂಚಿಗೆ ಅಂಟಿಸುವ ಪಟ್ಟಿ (ಎಡ್ಜ್ ಬ್ಯಾಂಡ್) ಟ್ರಿಮ್ ಮಾಡುದು, ಪಾಲಿಶಿಗೆ ಮೊದಲು ಪುಟ್ಟಿ ಹಾಕುದು, ಹಾರ್ಡ್‌ವೇರ್ ಲೆಕ್ಕ ಇಟ್ಕೊಳ್ಳುದು, ಇದೆಲ್ಲ ಹೆಂಗಸರು ನೀಟಾಗಿ ಮಾಡ್ತಾರೆ. ಬೀಡಿ ಕಟ್ಟಿ, ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದು ಅಭ್ಯಾಸ ಇದ್ದವರಿಗೆ ಕೂತು ಒಂದೇ ಕೆಲಸ ಸರಿಯಾಗಿ ಮಾಡುವ ತಾಳ್ಮೆ ಉಂಟು. ಶಾಪಿನಲ್ಲಿ ಒಂದು ಸರಿಯಾದ ಟಾಯ್ಲೆಟ್ ಇರ್ಬೇಕು, ಅಷ್ಟು ಮಾಡ್ಲಿಕ್ಕೆ ಆಗದವರು ಜನ ಇಲ್ಲ ಅಂತ ಬೊಬ್ಬೆ ಹಾಕುದು ಬೇಡ.

ಎಲ್ಲಿ ಹುಡುಕುದು

ಎಲ್ಲಕ್ಕಿಂತ ಒಳ್ಳೆ ದಾರಿ ಈಗ ಇರುವ ಆಚಾರಿಗಳ ಹತ್ರ ಹೇಳುದು. ಅವ್ರ ಊರಿನ ಹುಡುಗ, ನೆಂಟರ ಹುಡುಗ ಬಂದ್ರೆ ಅವ್ರಿಗೂ ಒಂದು ಜವಾಬ್ದಾರಿ ಇರ್ತದೆ, ಕಲಿಸ್ತಾರೆ ಕೂಡ. ಒಂದೇ ಒಂದು ತೊಂದರೆ, ಎಲ್ಲರೂ ಒಂದೇ ಮನೆಯವರು ಒಂದೇ ಊರಿನವರು ಆದ್ರೆ ಮದುವೆಗೆ ಹೋಗುವಾಗ ಶಾಪೇ ಖಾಲಿ. ಜಗಳ ಆದ್ರೂ ಒಬ್ಬ ಹೋಗುದಿಲ್ಲ, ನಾಲ್ಕು ಜನ ಒಟ್ಟಿಗೆ ಹೋಗ್ತಾರೆ. ಹಾಗಾಗಿ ಅರ್ಧ ಅವ್ರ ಕಡೆಯವರು, ಅರ್ಧ ಹೊರಗಿನವರು ಇದ್ರೆ ಕ್ಷೇಮ.

ಎರಡನೇದು ಪ್ಲೈವುಡ್ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಮರದ ಮಿಲ್ಲು. ಅಲ್ಲಿ ಲೋಡಿಂಗ್ ಮಾಡುವವರಿಗೆ ಯಾರು ಕೆಲಸ ಬಿಟ್ಟಿದ್ದಾರೆ, ಯಾರ ತಮ್ಮ ಸುಮ್ನೆ ಮನೆಯಲ್ಲಿ ಕೂತಿದ್ದಾನೆ ಎಲ್ಲ ಗೊತ್ತಿರ್ತದೆ. ಆದ್ರೆ ಆ ಅಂಗಡಿಯವರ ಜನವನ್ನೇ ಎಳೀಲಿಕ್ಕೆ ಹೋಗ್ಬೇಡಿ, ನಾಳೆ ಸಾಲಕ್ಕೆ ಮಾಲು ಕೇಳ್ಲಿಕ್ಕೆ ಮುಖ ಇರುದಿಲ್ಲ.

ಐಟಿಐ ಅನ್ನುದನ್ನು ನಮ್ಮವರು ತುಂಬ ಜನ ಮರೀತಾರೆ. ಕಾರ್ಪೆಂಟರ್ ಟ್ರೇಡ್ ಅಂತ 1 ವರ್ಷದ ಕೋರ್ಸ್ ಉಂಟು, 8ನೇ ಕ್ಲಾಸ್ ಪಾಸಾದವರಿಗೂ ಸೀಟ್ ಸಿಗ್ತದೆ. ಎಲ್ಲಾ ಐಟಿಐಯಲ್ಲೂ ಎಲ್ಲಾ ಟ್ರೇಡ್ ಇರುದಿಲ್ಲ, ಮಂಗ್ಳೂರಿನವರು ಕದ್ರಿ ಹಿಲ್ಸ್‌ನ ಸರ್ಕಾರಿ ಐಟಿಐಗೆ ಹೋಗಿ ಪ್ಲೇಸ್‌ಮೆಂಟ್ ನೋಡುವವರ ಹತ್ರ ಮಾತಾಡಿ, ಕಾರ್ಪೆಂಟರ್ ಇಲ್ಲದಿದ್ರೆ ಫಿಟ್ಟರ್ ಓದಿದ ಹುಡುಗನಾದ್ರೂ ಅಡ್ಡಿ ಇಲ್ಲ, ಅಳತೆ ಮತ್ತು ಡ್ರಾಯಿಂಗ್ ಓದ್ಲಿಕ್ಕೆ ಬರ್ತದೆ. ಅಪ್ರೆಂಟಿಸ್, ಅಂದ್ರೆ ಸ್ಟೈಪೆಂಡ್ ತಗೊಂಡು ಕೆಲಸ ಕಲಿಯುವವ, ಹಾಗೆ ತಗೊಳ್ಳುವ ದಾರಿ ಕೂಡ ಉಂಟು, ಶಾಪಿನಲ್ಲಿ ಕಮ್ಮಿ ಅಂದ್ರೆ 4 ಜನ ಇದ್ರೆ ಆಗ್ತದೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ 25 ಪರ್ಸೆಂಟ್, ತಿಂಗಳಿಗೆ 1500 ರೂಪಾಯಿ ತನಕ ಕೇಂದ್ರ ಸರ್ಕಾರ ಕೊಡ್ತದೆ. ಆನ್‌ಲೈನ್ ರಿಜಿಸ್ಟ್ರೇಶನ್ ಸ್ವಲ್ಪ ಮಂಡೆ ಬಿಸಿ, ಕಂಪ್ಯೂಟರ್ ಗೊತ್ತಿರುವ ಮನೆಮಕ್ಕಳಿಗೆ ದಾಟಿಸಿ.

ಮೀನುಗಾರಿಕೆ ರಜೆ ಕೂಡ ನಮ್ಮ ಕರಾವಳಿಯವರಿಗೆ ಒಂದು ಅವಕಾಶ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, 61 ದಿನ ಮಲ್ಪೆ, ಬಂದರು ಕಡೆ ಬೋಟಿಗೆ ಹೋಗುವ ಎಷ್ಟೋ ಜನ ಕೈಖಾಲಿ. ಭಾರ ಎತ್ಲಿಕ್ಕೆ, ಒದ್ದೆಯಲ್ಲಿ ಕೆಲಸ ಮಾಡ್ಲಿಕ್ಕೆ ಅವ್ರಿಗೆ ಹೇಳಿಕೊಡ್ಬೇಕಂತಿಲ್ಲ. ಆದ್ರೆ ಆಗಸ್ಟ್ ಬಂದ ಕೂಡ್ಲೇ ಅವ್ರು ಕಡಲಿಗೆ ಹೋಗಿಯೇ ಹೋಗ್ತಾರೆ, ಇರಿ ಅಂತ ಒತ್ತಾಯ ಮಾಡಿ ಪ್ರಯೋಜನ ಇಲ್ಲ. ಎರಡು ತಿಂಗಳಿಗೆ ಅಂತಲೇ ಮಾತಾಡಿ ತಗೊಳ್ಳಿ, ಮಳೆಗಾಲದಲ್ಲಿ ಶಾಪಿನೊಳಗೆ ಮಾಡಿಡುವ ಫ್ರೇಮು, ಶಟರ್ (ಬಾಗಿಲಿನ ಹಲಗೆ) ಕೆಲಸಕ್ಕೆ ಸರಿಯಾಗ್ತದೆ.

ಘಟ್ಟದ ಮೇಲಿನವರು, ಹಿಂದಿಯವರು ಇಲ್ಲದೆ ಈಗ ಯಾವ ಸೈಟೂ ನಡಿಯುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅವ್ರನ್ನು ತಗೊಳ್ಳುವುದಾದ್ರೆ ಉಳ್ಕೊಳ್ಳುವ ರೂಮ್ ಯಾರದ್ದು, ಊರಿಗೆ ಹೋಗುದು ಯಾವಾಗ ಅಂತ ಮೊದ್ಲ ದಿನವೇ ಬಾಯಿಬಿಟ್ಟು ಮಾತಾಡಿ. ಅಳತೆಯ ಭಾಷೆ ಕೂಡ ಒಂದು ಮಾಡ್ಕೊಳ್ಳಿ, ಹಿಂದಿಯವರು ಇಂಚನ್ನು 8 ಸೂತ್ ಮಾಡಿ ಹೇಳ್ತಾರೆ, ದೋ ಸೂತ್ ಅಂದ್ರೆ ಕಾಲು ಇಂಚು, ಹತ್ತಿರ ಹತ್ತಿರ 6 ಎಂ.ಎಂ. ನಿಮ್ಮ ಆಚಾರಿ ಎಂ.ಎಂ.ನಲ್ಲಿ ಹೇಳಿ ಅವ ಸೂತ್‌ನಲ್ಲಿ ಕೇಳಿಸ್ಕೊಂಡ್ರೆ ಒಂದು ಶೀಟ್ ಹಾಳು.

ವಾಟ್ಸಪ್ ಗ್ರೂಪಿಗೆ, ಅಂಗಡಿ ಗೋಡೆಗೆ ಹಾಕುವ ಜಾಹೀರಾತು ಹೀಗೆ ಬರೀರಿ: "ಸುರತ್ಕಲ್ ಹತ್ತಿರ ಮರದ ಕೆಲಸದ ವರ್ಕ್‌ಶಾಪಿಗೆ ಹೆಲ್ಪರ್ ಬೇಕು. 18 ವರ್ಷ ಆಗಿರ್ಬೇಕು. ಕೆಲಸ ಗೊತ್ತಿಲ್ಲದಿದ್ರೂ ಅಡ್ಡಿ ಇಲ್ಲ, ಕಲಿಸ್ತೇವೆ. ಭಾರ ಎತ್ತುದು, ಧೂಳು ಎರಡೂ ಉಂಟು. ಬೆಳಗ್ಗೆ 8.30ರಿಂದ ಸಂಜೆ 5.30, ಭಾನುವಾರ ರಜೆ, ಶನಿವಾರ ಬಟವಾಡೆ. ಸಂಜೆ 6ರಿಂದ 8ರೊಳಗೆ ಫೋನ್ ಮಾಡಿ." ಅದರಲ್ಲಿ ದಿನದ ಸಂಬಳ ಎಷ್ಟು ಅಂತ ಅಂಕೆಯಲ್ಲೇ ಹಾಕಿ, "ಯೋಗ್ಯತೆಗೆ ತಕ್ಕ ಸಂಬಳ" ಅಂತ ಬರೆದ್ರೆ ಕಮ್ಮಿ ಕೊಡ್ತಾರೆ ಅಂತ ಎಲ್ಲರಿಗೂ ಅರ್ಥ ಆಗ್ತದೆ. ಫೋನ್ ಸಮಯ ಬರ್ದದ್ದು ಸುಮ್ನೆ ಅಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡುವವ ಪೂರ್ತಿ ಓದಿಲ್ಲ ಅಂತ ಗೊತ್ತಾಗ್ತದೆ. ಅವನನ್ನು ಅಲ್ಲಿಗೇ ಬಿಡ್ಬೇಕಂತಿಲ್ಲ, ಯಾರೋ ನಂಬರ್ ಮಾತ್ರ ಕೊಟ್ಟಿರಬಹುದು, ಸಂಜೆ ಮಾಡು ಅಂತ ಹೇಳಿ ಇಡಿ. ಸಂಜೆ ಮಾಡಿದ್ರೆ ಒಳ್ಳೆದು.

ಫೋನಲ್ಲಿ ಜಾಸ್ತಿ ಮಾತು ಬೇಡ. ಎಲ್ಲಿಂದ ಬರುದು, ಯಾವ ಬಸ್ಸು, ಈಗ ಎಂತ ಮಾಡ್ತಾ ಇದ್ದೀ, ಯಾಕೆ ಬಿಟ್ಟೆ, ಇಷ್ಟು ಸಾಕು. ಹಿಂದಿನ ಧಣಿಗಳನ್ನು ಐದು ನಿಮಿಷ ಬೈಯುವವ ನಾಳೆ ನಿಮ್ಮನ್ನೂ ಬೈತಾನೆ. ಆದ್ರೆ "ಸಂಬಳ ಸರಿಯಾಗಿ ಕೊಡ್ಲಿಲ್ಲ" ಅಂದ್ರೆ ಅದನ್ನು ನಂಬಿ, ಹೆಚ್ಚಿನ ಕಡೆ ಅದು ಸತ್ಯವೇ ಇರ್ತದೆ. ಹಿಂದಿನ ಶಾಪಿನ ನಂಬರ್ ಸಿಕ್ಕಿದ್ರೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ, ಅವ ಪುನಃ ಬಂದ್ರೆ ನೀವು ತಗೊಳ್ತೀರಾ? ಹೇಗಿದ್ದ ಅಂತ ಕೇಳಿದ್ರೆ ಎಲ್ಲರೂ ಒಳ್ಳೆಯವ ಅಂತಲೇ ಹೇಳ್ತಾರೆ, ಈ ಪ್ರಶ್ನೆಗೆ ಮಾತ್ರ ಎರಡು ಸೆಕೆಂಡ್ ಸುಮ್ನಾಗ್ತಾರೆ ನೋಡಿ, ಅದ್ರಲ್ಲೇ ಉತ್ತರ ಉಂಟು.

ಟ್ರಯಲ್, ಸಂಬಳ ಕೊಟ್ಟೇ

ಎರಡು ಮೂರು ದಿನ ಟ್ರಯಲ್ ಇಡಿ, ಆ ದಿನಗಳ ಸಂಬಳ ಅದೇ ಸಂಜೆ ಕೈಯಲ್ಲಿ ಕೊಡಿ. ಬಿಟ್ಟಿ ಟ್ರಯಲ್ ಮಾಡಿಸುವ ಶಾಪಿನ ಹೆಸರು ಊರೆಲ್ಲ ಹರಡ್ತದೆ. ಬರುವವನಿಗೆ 8.30 ಅಂತ ಹೇಳಿ, ನೀವು 8.15ಕ್ಕೇ ಶಾಪಿನಲ್ಲಿರಿ.

ಮೊದ್ಲ ಕೆಲಸ ಗುಡಿಸುದು. ನಗ್ಬೇಡಿ, ಇದ್ರಲ್ಲಿ ಗೊತ್ತಾಗುವಷ್ಟು ಬೇರೆ ಯಾವುದ್ರಲ್ಲೂ ಗೊತ್ತಾಗುದಿಲ್ಲ. ಒಬ್ಬ ನಡುವಿನ ಜಾಗ ಮಾತ್ರ ಗುಡಿಸಿ ಫೋನ್ ತೆಗೀತಾನೆ. ಇನ್ನೊಬ್ಬ ಬೆಂಚಿನಡಿ ಬಗ್ಗಿ ಗುಡಿಸ್ತಾನೆ, ಹೊಟ್ಟಿನಲ್ಲಿ ಬಿದ್ದ ಸ್ಕ್ರೂ ಹೆಕ್ಕಿ ಬದಿಗಿಡ್ತಾನೆ, ಮೆಷಿನ್ ಹತ್ರ ಹೋಗುವ ಮೊದ್ಲು "ಇದ್ರ ಸ್ವಿಚ್ ಆಫ್ ಉಂಟಾ" ಅಂತ ಕೇಳ್ತಾನೆ. ಹಾಗೆ ಕೇಳಿದವನನ್ನು ಬಿಡ್ಬೇಡಿ.

ಆಮೇಲೆ ಟೇಪ್ ಕೊಟ್ಟು ಒಂದು ಬಾಗಿಲಿನ ಅಗಲ ಉದ್ದ ಅಳೆದು ಬರ್ಕೊಂಡು ಬಾ ಅನ್ನಿ. ಬಾಯಲ್ಲಿ ಹೇಳಿದ್ರೆ ಆಗುದಿಲ್ಲ, ಬರೀಬೇಕು. ಕೆಲವರು ಟೇಪಿನ ತುದಿಯ ಕೊಕ್ಕೆ ಅಲ್ಲಾಡುದನ್ನು ನೋಡಿ "ಇದು ಲೂಸ್ ಉಂಟಲ್ಲ, ಹಾಳಾಗಿದೆಯಾ" ಅಂತ ಕೇಳ್ತಾರೆ. ಹಾಳಾದದ್ದಲ್ಲ ಅದು, ಹೊರಗಿನಿಂದ ಸಿಕ್ಕಿಸಿ ಅಳೆಯುವಾಗ ಕೊಕ್ಕೆ ಹೊರಗೆ ಜಾರ್ತದೆ, ಒಳಗೆ ಒತ್ತಿ ಅಳೆಯುವಾಗ ಒಳಗೆ ಜಾರ್ತದೆ, ಕೊಕ್ಕೆಯ ದಪ್ಪದಷ್ಟೇ ಆಟ ಇಟ್ಟಿರ್ತಾರೆ, ಹಾಗಾಗಿ ಎರಡೂ ಅಳತೆ ಸರಿ ಬರ್ತದೆ. ಅವನಿಗೆ ಗೊತ್ತಿರ್ಬೇಕಂತಿಲ್ಲ, ಕಣ್ಣಿಗೆ ಬಿತ್ತಲ್ಲ, ಅದು ದೊಡ್ಡದು. ನೀವು ವಿವರಿಸಿ ಹೇಳಿ, ಮರುದಿನ ಅದನ್ನೇ ಅವನ ಹತ್ರ ತಿರುಗಿಸಿ ಕೇಳಿ.

ಲೆಕ್ಕಕ್ಕೆ ಒಂದು ಪ್ರಶ್ನೆ ಸಾಕು. 8 ಅಡಿ ಉದ್ದದ ಶೀಟಿನಿಂದ 15 ಇಂಚಿನ ಹಲಗೆ ಎಷ್ಟು ಸಿಗ್ತದೆ? 96 ಇಂಚು, 6 ಹಲಗೆ, ಉಳಿಯುದು 6 ಇಂಚು. ಪೇಪರ್ ತಗೊಂಡು ಬರ್ದು ಹೇಳಿದ್ರೂ ಪಾಸ್, ಮೊಬೈಲಲ್ಲಿ ಮಾಡಿದ್ರೂ ಪಾಸ್. ಬ್ಲೇಡ್ ಪ್ರತಿ ಸಲ 3 ಎಂ.ಎಂ.ನಷ್ಟು ತಿನ್ನುವ ಕಾರಣ ಸರಿಯಾಗಿ 6 ಇಂಚು ಉಳಿಯುದಿಲ್ಲ ಅಂತ ಹೇಳಿದ್ರೆ ಅವ ಹೆಲ್ಪರ್ ಅಲ್ಲ, ಸಂಬಳ ಜಾಸ್ತಿ ಮಾತಾಡಿ.

ಶೀಟ್ ಹಿಡಿಸಿ ನೋಡುದು ಎಲ್ಲಕ್ಕಿಂತ ಮುಖ್ಯ. ಇಬ್ಬರು ಪ್ಲೈ ಎತ್ತುವಾಗ ಅವ ಮುಂದಿನವನ ಹೆಜ್ಜೆ ನೋಡ್ತಾನಾ, ಇಳಿಸುವಾಗ ಹೇಳಿ ಇಳಿಸ್ತಾನಾ, ಅಲ್ಲ ದಡಕ್ಕಂತ ಬಿಡ್ತಾನಾ. ಪ್ಲೈ ಮೇಲೆ ಅಂಟಿಸುವ ಲ್ಯಾಮಿನೇಟ್ 1 ಎಂ.ಎಂ. ದಪ್ಪದ್ದು, ಒಂದು ಮೂಲೆ ಹಿಡಿದು ಎಳೆದ್ರೆ ಅಲ್ಲೇ ಬಿರುಕು, ಒಂದು ಸಲ ತೋರಿಸಿಕೊಟ್ಟು ಎರಡನೇ ಸಲ ಅವ ಹೇಗೆ ಎತ್ತುತ್ತಾನೆ ನೋಡಿ. ಮೆಷಿನ್ ವಿಷಯದಲ್ಲಿ ಟ್ರಯಲಿನವನಿಗೆ ಮೆಷಿನ್ ಕೊಡ್ಲೇಬಾರದು, ಟೇಬಲ್ ಸಾ (ಮೇಜಿನ ಗರಗಸದ ಮೆಷಿನ್) ಹತ್ರ ಆಚಾರಿ ಕೊಯ್ಯುವಾಗ ಆಚೆ ಬದಿಯಲ್ಲಿ ಶೀಟಿಗೆ ಆಧಾರ ಕೊಡ್ಲಿಕ್ಕೂ ಮೊದ್ಲ ದಿನ ಬೇಡ. ಎರಡನೇ ದಿನ ಅವನನ್ನು ಅಲ್ಲಿ ನಿಲ್ಲಿಸುವುದಾದ್ರೆ ಒಂದೇ ಮಾತು ಹೇಳಿ, ಎಳೀಬೇಡ, ಬರೀ ಹೊರು. ಹೊಸಬರೆಲ್ಲ ಸಹಾಯ ಮಾಡ್ತೇನೆ ಅಂತ ಎಳೀತಾರೆ, ಎಳೆದ್ರೆ ಶೀಟ್ ವಾಲ್ತದೆ, ಬ್ಲೇಡಿಗೆ ಸಿಕ್ಕಿ ಹಿಂದಕ್ಕೆ ಎಸೀತದೆ, ಆ ಏಟು ಆಚಾರಿಯ ಹೊಟ್ಟೆಗೆ. ಹೇಳಿದ ಮೇಲೂ ಮೂರು ಸಲ ಎಳೆದವ ಎಷ್ಟು ಒಳ್ಳೆಯವನಾದ್ರೂ ಮೆಷಿನ್ ಶಾಪಿಗೆ ಬೇಡ, ಡೆಲಿವರಿಗೋ ಪಾಲಿಶಿಗೋ ಹಾಕಿ.

ಬಟ್ಟೆ ನೋಡಿ. ಲುಂಗಿ ಇಲ್ಲ, ಸಡಿಲ ತೋಳಿನ ಅಂಗಿ ಇಲ್ಲ, ಕೈಯಲ್ಲಿ ಕಡಗ, ಉಂಗುರ ಇಲ್ಲ. ದೇವಸ್ಥಾನದಲ್ಲಿ ಕಟ್ಟಿಸ್ಕೊಂಡ ದಾರ ಇದ್ರೆ ತೆಗಿ ಅಂದಾಗ ಬೇಜಾರು ಮಾಡ್ತಾರೆ, ಕೈಗೆ ಬೇಡ ಕುತ್ತಿಗೆಗೆ ಕಟ್ಟಿ ಅಂಗಿಯೊಳಗೆ ಹಾಕ್ಕೋ ಅಂದ್ರೆ ಒಪ್ತಾರೆ. ತಿರುಗುವ ಮೆಷಿನ್ ಹತ್ರ ಗ್ಲೌಸ್ ಹಾಕ್ಲೇಬಾರದು, ಗ್ಲೌಸ್ ಎಳ್ಕೊಂಡು ಕೈಯೂ ಹೋಗ್ತದೆ. ಧೂಳಿಗೆ ಎನ್-95 ಮಾಸ್ಕ್ ನೀವೇ ಕೊಡಿ, ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಉಂಟು. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೆಲಸ ಮಾಡುವವನಿಗೆ ಒಂದು ಸಲ ಹೇಳಿ, ಎರಡನೇ ಸಲ ಮನೆಗೆ ಕಳಿಸಿ.

ದಾಖಲೆ, ವಯಸ್ಸು, ಅಡ್ವಾನ್ಸ್

18 ತುಂಬದವರನ್ನು ತಗೊಳ್ಬೇಡಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ "ಮಗ ಫೇಲು, ನಿಮ್ಮಲ್ಲಿ ಹಾಕಿಬಿಡಿ" ಅಂತ ತಂದೆ ತಾಯಿ ಕರ್ಕೊಂಡು ಬರ್ತಾರೆ, ಪಾಪ ಅನ್ನಿಸ್ತದೆ. 14ರ ಒಳಗಿನವರಿಂದ ದುಡಿಸುದು ಪೂರ್ತಿ ನಿಷೇಧ, 18ರವರೆಗೆ ಅಪಾಯದ ಕೆಲಸ ನಿಷೇಧ, ಗರಗಸದ ಮೆಷಿನ್ ಓಡುವ ಜಾಗದಲ್ಲಿ ಅದೂ ಇದೂ ವಾದ ಮಾಡ್ಲಿಕ್ಕೆ ಹೋಗುದು ಯಾಕೆ. ಪುನಃ ಪರೀಕ್ಷೆ ಬರೀಲಿಕ್ಕೆ ಹೇಳಿ, ಇಲ್ಲ ಐಟಿಐ ದಾರಿ ತೋರಿಸಿ, 18 ಆದ ಮೇಲೆ ಬಾ ಅನ್ನಿ.

ಆಧಾರ್ ನೋಡಿ, ಅದರ ಕ್ಯುಆರ್ ಸ್ಕ್ಯಾನ್ ಮಾಡಿ ಹುಟ್ಟಿದ ವರ್ಷ ತಾಳೆ ಹಾಕಿ, ಒರಿಜಿನಲ್ ಮಾತ್ರ ಇಟ್ಕೊಳ್ಬೇಡಿ, ಕಾಪಿ ಸಾಕು. ಮನೆಯವರ ಒಬ್ಬರ ನಂಬರ್ ಬರ್ಕೊಳ್ಳಿ, ಆ ನಂಬರಿಗೆ ಅವ ಇರುವಾಗ್ಲೇ ಒಂದು ಕಾಲ್ ಮಾಡಿ. ಗಿರಾಕಿ ಮನೆಯೊಳಗೆ ಹೋಗಿ ಕೆಲಸ ಮಾಡುವವನಾದ್ರೆ ಪೊಲೀಸ್ ವೆರಿಫಿಕೇಶನ್ ಮಾಡಿಸುದು ಒಳ್ಳೆದು, ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕ್ಲಿಕ್ಕೆ ಆಗ್ತದೆ. ಊರಿನವನಿಗೆ ಬೇಡ, ಹಿಂದಿಯವನಿಗೆ ಮಾತ್ರ ಅಂತ ಮಾಡ್ಬೇಡಿ, ಮಾಡಿದ್ರೆ ಎಲ್ಲರಿಗೂ.

ಬ್ಯಾಂಕ್ ಅಕೌಂಟ್ ಇದ್ದವನಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿಬಿಡಿ, ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷದ ತನಕ ಕವರ್, ಅಷ್ಟು ನೀವೇ ಹಾಕಿದ್ರೂ ಎಂತ ಹೋಗುದಿಲ್ಲ. ಶಾಪಿನಲ್ಲಿ 10 ಜನ ಆದ್ರೆ ಇಎಸ್ಐ (ನೌಕರರ ರಾಜ್ಯ ವಿಮೆ) ಕಡ್ಡಾಯ, ಅದಕ್ಕಿಂತ ಕಮ್ಮಿ ಇದ್ರೂ ಕೆಲಸದ ಹೊತ್ತಿಗೆ ಕೈಗೆ ಪೆಟ್ಟಾದ್ರೆ ಜವಾಬ್ದಾರಿ ನಿಮ್ಮದೇ. ಕಟ್ಟಡದ ಸೈಟಲ್ಲಿ ಕೆಲಸ ಮಾಡುವ ಹೆಲ್ಪರಿಗೆ ವರ್ಷದಲ್ಲಿ 90 ದಿನ ಆಗಿದ್ರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ನೀವು ಕೆಲಸದ ದೃಢೀಕರಣ ಬರ್ದು ಕೊಡಬಹುದು, ಒಂದು ಸಹಿ ಅಷ್ಟೆ, ಆದ್ರೆ ಅಂಥ ಧಣಿಯನ್ನು ಬಿಟ್ಟು ಹೋಗ್ಲಿಕ್ಕೆ ಜನಕ್ಕೆ ಮನಸ್ಸು ಬರುದಿಲ್ಲ.

ಸಂಬಳ ಎಷ್ಟು ಅಂತ ನನ್ನ ಹತ್ರ ಕೇಳ್ಬೇಡಿ, ಸುತ್ತಮುತ್ತ ಮೂರು ಶಾಪಿನಲ್ಲಿ ವಿಚಾರಿಸಿ, ಸರ್ಕಾರದ ಕನಿಷ್ಠ ವೇತನ ಏಪ್ರಿಲಿನಲ್ಲಿ ಬದಲಾಗ್ತದೆ, ಅದಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ. ಅಡ್ವಾನ್ಸ್ ಮಾತ್ರ ಹುಷಾರ್. ಎರಡನೇ ದಿನವೇ ಹತ್ತು ಸಾವಿರ ಕೇಳುವವನಿಗೆ ಇಲ್ಲ ಅನ್ನಿ, ಅಡ್ವಾನ್ಸ್ ಕೊಟ್ಟು ಆಧಾರ್ ಇಟ್ಕೊಂಡು "ತೀರುವ ತನಕ ಹೋಗುವ ಹಾಗಿಲ್ಲ" ಅನ್ನುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕೆಳಗೆ ಬರುವ ವಿಷಯ. ವಾರದ ಬಟವಾಡೆ ಸರಿಯಾಗಿ ಆದ್ರೆ ಅಡ್ವಾನ್ಸಿನ ಮಾತು ತನ್ನಿಂದ ತಾನೇ ಕಮ್ಮಿ ಆಗ್ತದೆ.

ರಜೆ ಕೂಡ ಮೊದ್ಲೇ. ಊರಿನ ಹುಡುಗ ಮನೆಯ ದೈವದ ನೇಮಕ್ಕೆ, ಚೌತಿಗೆ, ಅಷ್ಟಮಿಗೆ ಬರುದಿಲ್ಲ, ನವರಾತ್ರಿಗೆ ಹುಲಿವೇಷ ಹಾಕುವವನಾದ್ರೆ ಹತ್ತು ದಿನ ಮರ್ತುಬಿಡಿ. ಇದಕ್ಕೆಲ್ಲ ಜಗಳ ಮಾಡಿ ಗೆದ್ದವರು ಯಾರೂ ಇಲ್ಲ, ಯಾವಾಗ ಅಂತ ಕೇಳಿ ಕ್ಯಾಲೆಂಡರಲ್ಲಿ ಗುರುತು ಹಾಕಿ, ಆ ವಾರ ಡೆಲಿವರಿ ಡೇಟ್ ಕೊಡ್ಬೇಡಿ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಸೀದಾ ಕೆಲಸಕ್ಕೆ ಬಂದವನಿಗೆ ಆ ದಿನ ಸ್ಯಾಂಡ್ ಪೇಪರ್ ಕೊಡಿ, ಮೆಷಿನ್ ಹತ್ರ ಸುಳಿಯಲಿಕ್ಕೆ ಬಿಡ್ಬೇಡಿ.

ಟ್ರಯಲ್ ಮುಗಿದ ದಿನವೇ ಹೌದು ಅಲ್ಲ ಅಂತ ಹೇಳಿಬಿಡಿ, ನಾಳೆ ಫೋನ್ ಮಾಡ್ತೇನೆ ಅಂತ ಎಳೆದ್ರೆ ಒಳ್ಳೆಯವ ಬೇರೆ ಕಡೆ ಸೇರಿ ಆಗಿರ್ತದೆ. ಬೇಡ ಅಂತ ಕಳಿಸಿದವನ ನಂಬರ್ ಕೂಡ ಡಿಲೀಟ್ ಮಾಡ್ಬೇಡಿ, ಹೆಸರಿನ ಪಕ್ಕ "ಲೋಡಿಂಗಿಗೆ ಆಗ್ತಾನೆ", "ಭಾನುವಾರ ಬರ್ತಾನೆ" ಅಂತ ಬರ್ದು ಸೇವ್ ಮಾಡಿ. ಏಪ್ರಿಲ್ ಮೇ ತಿಂಗಳಿಗೆ ನಾಲ್ಕು ಗೃಹಪ್ರವೇಶ ಒಟ್ಟಿಗೆ ಬಿದ್ದಾಗ ಅದೇ ನಂಬರಿಗೆ ಫೋನ್ ಮಾಡ್ಬೇಕಾಗ್ತದೆ.